ಹೊಳಪು ಹೋಗಿದೆ, ರೇಡಿಯಂ ಹೋಗಿಲ್ಲ: ಸೈನ್ಯದ ಹಳೆಯ ಗಡಿಯಾರ ಇಟ್ಟುಕೊಂಡವರಿಗೆ

ಪ್ರಶ್ನೆ: ಸರ್, ಸೈನ್ಯದಲ್ಲಿ ಬಳಸಿ ಬಿಟ್ಟ ಡ್ಯಾಶ್‌ಬೋರ್ಡ್ ಗಡಿಯಾರ ಮತ್ತು ಸ್ಟಾಪ್‌ವಾಚ್‌ಗಳನ್ನು ಕೆಲವು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಈಗ ಹದಿನಾಲ್ಕು ಆಗಿವೆ. ವಿಮಾನದ ಕಾಕ್‌ಪಿಟ್‌ನಿಂದ ಬಿಚ್ಚಿದ ಒಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುವ ವಾಲ್ಥಮ್ ಕಂಪನಿಯ ಗಡಿಯಾರ ಒಂದು, ಕಿರೀಟದ ಗುರುತು ಮತ್ತು 'ಎ.ಎಂ.' ಅಕ್ಷರ ಇರುವ ಬ್ರಿಟಿಷ್ ಗಡಿಯಾರ ಒಂದು, ಸೋವಿಯತ್ ಕಾಲದ ಎಸಿಎಚ್‌ಎಸ್-1 ಎನ್ನುವ ಕಾಕ್‌ಪಿಟ್ ಗಡಿಯಾರ ಒಂದು. ಉಳಿದವು ಸ್ಟಾಪ್‌ವಾಚ್‌ಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಹಿಂಬದಿಯಲ್ಲಿ ಬಾಣದ ಗುರುತಿದೆ. ಎಲ್ಲವನ್ನೂ ಮಲಗುವ ಕೋಣೆಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಡಯಲ್‌ನ ಅಂಕಿಗಳು ಕಂದು ಬಣ್ಣಕ್ಕೆ ತಿರುಗಿವೆ, ಕತ್ತಲಲ್ಲಿ ಒಂದೂ ಹೊಳೆಯುವುದಿಲ್ಲ. ಹೊಳಪು ಹೋಯಿತು ಅಂದರೆ ರೇಡಿಯಂ ಸತ್ತಿತು, ಹೆದರಬೇಡ ಎನ್ನುತ್ತಾನೆ ಗೆಳೆಯ. ಕ್ಯಾನ್ಸರ್ ಬರುತ್ತದೆ, ಇವತ್ತೇ ಎಸೆ ಎನ್ನುತ್ತಾರೆ ನೆಂಟರೊಬ್ಬರು. ಹಳೆಯ ಬಣ್ಣ ಕೆರೆದು ಹೊಸದು ತುಂಬಿಕೊಡುತ್ತೇನೆ ಎಂದು ಒಬ್ಬ ವ್ಯಾಪಾರಿ ಹೇಳಿದ್ದಾನೆ. ಇದರ ಜೊತೆಗೆ ಇನ್ನೂ ಮೂರು ತಲೆನೋವು. ಬ್ರಿಟಿಷ್ ಗಡಿಯಾರದ ಕೇಸಿನ ನಂಬರಿಗೂ ಒಳಗಿನ ಮಷಿನ್ನಿನ ಕಾಲಕ್ಕೂ ಹೊಂದುವುದಿಲ್ಲವಂತೆ, ಅದು ನಕಲಿಯಾ? ವಾಲ್ಥಮ್ ನಾಲ್ಕನೇ ದಿನಕ್ಕೇ ನಿಲ್ಲುತ್ತದೆ, ಕೀ ಜಾಸ್ತಿ ಕೊಟ್ಟು ಸ್ಪ್ರಿಂಗ್ ಬಿಗಿದುಕೊಂಡಿದೆ ಎನ್ನುತ್ತಾರೆ ರಿಪೇರಿಯವರು. ಒಂದು ಸ್ಟಾಪ್‌ವಾಚ್‌ನ ಮುಳ್ಳು ಸೊನ್ನೆಗೆ ಸರಿಯಾಗಿ ಬಂದು ನಿಲ್ಲುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡು ಕೆಲಸ ಇವತ್ತೇ ಮಾಡಿ. ಆ ಕಪಾಟನ್ನು ಮಲಗುವ ಕೋಣೆಯಿಂದ ಹೊರಗೆ ಸಾಗಿಸಿ. ಬಣ್ಣ ಕೆರೆಯುತ್ತೇನೆ ಎಂದ ವ್ಯಾಪಾರಿಗೆ ಬೇಡ ಎಂದು ಹೇಳಿಬಿಡಿ. ಉಳಿದದ್ದಕ್ಕೆ ಆತುರವಿಲ್ಲ.

ನೀವು ಕೇಳಿರುವ ಪ್ರಶ್ನೆಗಳು ಹಲವು. ಆದರೆ ಪತ್ರ ಓದಿದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ ಎಂದು ಗೊತ್ತಾಗುತ್ತದೆ. ಇವುಗಳ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದ್ದೇನಲ್ಲ, ಏನಾದರೂ ಆಗಿದೆಯಾ? ಇನ್ನು ಮುಂದೆ ಇಟ್ಟುಕೊಳ್ಳಬಹುದಾ? ಅದನ್ನೇ ಮೊದಲು ನೋಡೋಣ. ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ತಪ್ಪು. ನೆಂಟರ ಭಯಕ್ಕೆ ಕಾರಣ ಇದೆ, ಆದರೆ ಅವರು ಕೊಟ್ಟ ಸಲಹೆ ಕೆಟ್ಟದ್ದು.

ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಕಂಡುಹಿಡಿದದ್ದು 1898ರಲ್ಲಿ. ಅದಾಗಿ ಸ್ವಲ್ಪ ವರ್ಷಕ್ಕೇ ಗಡಿಯಾರದ ಡಯಲ್ ಬಳಿಯುವ ಬಣ್ಣಕ್ಕೆ ಅದು ಬಂದು ಸೇರಿತು. ಆ ಬಣ್ಣದಲ್ಲಿ ಮೂರು ವಸ್ತು ಇರುತ್ತವೆ. ತೀರಾ ಸ್ವಲ್ಪ ರೇಡಿಯಂ ಲವಣ, ಸತುವಿನ ಸಲ್ಫೈಡ್ ಪುಡಿ, ಎರಡನ್ನೂ ಹಿಡಿದಿಡುವ ಅಂಟು. ರೇಡಿಯಂ ತಾನಾಗಿ ಡಯಲ್ ಬೆಳಗುವುದಿಲ್ಲ. ಅದರಿಂದ ಹೊರಡುವ ಕಿರಣಗಳು ಸತುವಿನ ಸಲ್ಫೈಡ್ ಹರಳಿಗೆ ಬಡಿಯುತ್ತವೆ, ಹರಳು ಹಸಿರಾಗಿ ಹೊಳೆಯುತ್ತದೆ. ವರ್ಷಗಟ್ಟಲೆ ಹೀಗೆ ಪೆಟ್ಟು ತಿಂದ ಹರಳು ಕೆಡುತ್ತದೆ. ಹೊಳಪು ಹೋಗುವುದು ಅದರಿಂದ. ದೀಪದ ಬತ್ತಿ ಸುಟ್ಟುಹೋಗಿದೆ, ಎಣ್ಣೆ ಮಾತ್ರ ತುಂಬಿಯೇ ಇದೆ ಎಂದುಕೊಳ್ಳಿ. ರೇಡಿಯಂ-226 ಅರ್ಧದಷ್ಟು ಕರಗುವುದಕ್ಕೆ ಸುಮಾರು 1600 ವರ್ಷ ಬೇಕು. 1942ರಲ್ಲಿ ಬಳಿದ ಡಯಲ್ ನಿಮ್ಮ ಹತ್ತಿರ ಇದ್ದರೆ, ಅದರ ರೇಡಿಯಂನಲ್ಲಿ ನೂರಕ್ಕೆ 96 ಪಾಲು ಇಂದಿಗೂ ಅಲ್ಲೇ ಇದೆ.

ಹಾಗಾದರೆ ಎಸೆಯಬೇಕಾ? ತಾಳಿ. ರೇಡಿಯಂನಿಂದ ಮತ್ತು ಅದರಿಂದ ಹುಟ್ಟುವ ಧಾತುಗಳಿಂದ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಯ ಕಿರಣಗಳು ಬರುತ್ತವೆ. ಆಲ್ಫಾ ಕಿರಣವನ್ನು ಒಂದು ಕಾಗದದ ಹಾಳೆಯೂ ತಡೆಯುತ್ತದೆ. ಗಡಿಯಾರದ ಗಾಜು ದಾಟುವ ಮಾತೇ ಇಲ್ಲ. ಬೀಟಾವನ್ನು ಗಾಜು ಮತ್ತು ಲೋಹದ ಕೇಸು ಬಹಳಷ್ಟು ತಡೆಯುತ್ತವೆ. ಗಾಮಾ ಹೊರಗೆ ಬರುತ್ತದೆ, ಆದರೆ ದೂರ ಹೋದಂತೆ ಬೇಗ ಕಡಿಮೆಯಾಗುತ್ತದೆ. ಅಂತರ ಎರಡು ಪಟ್ಟಾದರೆ ಅದರ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಗಾಜು ಗಟ್ಟಿಯಾಗಿರುವ ಒಂದು ಗಡಿಯಾರವನ್ನು ಕೈಯಲ್ಲಿ ಹಿಡಿದು ನೋಡಿ, ವಾಪಸ್ ಇಟ್ಟರೆ ಹೆದರುವಂಥದ್ದು ಏನೂ ಇಲ್ಲ.

ಅಪಾಯ ಇರುವುದು ರೇಡಿಯಂ ಮೈಯೊಳಗೆ ಹೋದಾಗ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮೊದಲ ಮಹಾಯುದ್ಧದ ಕಾಲದಿಂದ ಡಯಲ್‌ಗಳಿಗೆ ಈ ಬಣ್ಣ ಬಳಿಯುತ್ತಿದ್ದ ಹುಡುಗಿಯರ ಕಥೆ ನೀವು ಕೇಳಿರಬಹುದು. ಕುಂಚದ ತುದಿ ಚೂಪಾಗಲಿ ಎಂದು ಅವರು ಅದನ್ನು ತುಟಿಯಲ್ಲಿ ಇಟ್ಟು ಎಳೆಯುತ್ತಿದ್ದರು. ಹಾಗೆ ಮಾಡಲು ಕಲಿಸಿದ್ದೂ ಕಾರ್ಖಾನೆಯವರೇ. ರೇಡಿಯಂ ಮೈಗೆ ಸುಣ್ಣದ ಹಾಗೆ ಕಾಣುತ್ತದೆ, ನೇರ ಮೂಳೆಗೆ ಹೋಗಿ ಕೂರುತ್ತದೆ. ಅವರ ದವಡೆಯ ಮೂಳೆ ಕೊಳೆಯಿತು, ಹಲವರು ಸತ್ತರು. ಅವರಲ್ಲಿ ಐವರು ಹೂಡಿದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಅವರನ್ನು ಕೊಂದದ್ದು ಡಯಲ್ ನೋಡಿದ್ದಲ್ಲ, ಬಣ್ಣ ನುಂಗಿದ್ದು. ಎಂಬತ್ತು ವರ್ಷದ ಅಂಟು ಈಗ ಒಣಗಿ ಪುಡಿಪುಡಿಯಾಗುತ್ತಿರುತ್ತದೆ. ಗಾಜು ತೆಗೆದು ಬಣ್ಣ ಕೆರೆದರೆ ಆ ಪುಡಿ ಮೇಜಿನ ಮೇಲೆ, ಉಗುರಿನಲ್ಲಿ, ಉಸಿರಿನಲ್ಲಿ ಸೇರುತ್ತದೆ. ಆ ವ್ಯಾಪಾರಿ ತನಗೂ ಕೆಡುಕು ಮಾಡಿಕೊಳ್ಳುತ್ತಾನೆ, ತನ್ನ ಅಂಗಡಿಗೂ ಮಾಡುತ್ತಾನೆ.

ಎರಡನೇ ಅಪಾಯ ರೇಡಾನ್. ಸಂಗ್ರಹ ಇಟ್ಟವರಲ್ಲಿ ಹೆಚ್ಚಿನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೇಡಿಯಂ ಕರಗುವಾಗ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಡಿಯಾರದ ಕೇಸಿನ ಸಂದಿಯಿಂದ ಅದು ಸುಲಭವಾಗಿ ಹೊರಗೆ ಬರುತ್ತದೆ. 3.8 ದಿನದಲ್ಲಿ ಅರ್ಧದಷ್ಟು ಕರಗುತ್ತದೆ ನಿಜ, ಆದರೆ ರೇಡಿಯಂ ಇರುವ ತನಕ ಹೊಸದು ಹುಟ್ಟುತ್ತಲೇ ಇರುತ್ತದೆ. ಅದನ್ನು ಉಸಿರಾಡುತ್ತಾ ಬಂದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ, ಸಿಗರೇಟು ಸೇದುವವರಲ್ಲಿ ಇನ್ನೂ ಜಾಸ್ತಿ. ಬ್ರಿಟನ್ನಿನ ನಾರ್ಥಾಂಪ್ಟನ್ ಮತ್ತು ಕಿಂಗ್‌ಸ್ಟನ್ ವಿಶ್ವವಿದ್ಯಾಲಯದವರು 2018ರಲ್ಲಿ ಹೊರಗೆ ತಂದ ಅಧ್ಯಯನ ಒಂದಿದೆ. ಸೈನ್ಯದ 30 ಹಳೆಯ ರೇಡಿಯಂ ವಾಚುಗಳನ್ನು ಗಾಳಿಯಾಡದ ಕೋಣೆಯಲ್ಲಿ ಇಟ್ಟರೆ ರೇಡಾನ್ ಮಟ್ಟ ಬ್ರಿಟನ್ನಿನಲ್ಲಿ ಸುರಕ್ಷಿತ ಎನ್ನುವ ಮಿತಿಯ 134 ಪಟ್ಟು ಏರುತ್ತದೆ ಎಂದು ಅವರು ಕಂಡುಕೊಂಡರು. ಅವು ಕೈಗೆ ಕಟ್ಟುವ ವಾಚುಗಳು ಮತ್ತು ಜೇಬಿನ ವಾಚುಗಳು. ಕಾಕ್‌ಪಿಟ್ ಗಡಿಯಾರದ ಅಂಕಿಗಳು, ಮುಳ್ಳುಗಳು ಇನ್ನೂ ದಪ್ಪ, ಬಣ್ಣವೂ ಜಾಸ್ತಿ. ನಿಮ್ಮ ಹತ್ತಿರ ಹದಿನಾಲ್ಕೇ ಇವೆ, ನಿಮ್ಮ ಕೋಣೆಗೆ ಕಿಟಕಿಯೂ ಇರಬಹುದು. ಹಾಗಾಗಿ 134ನ್ನು ನಿಮ್ಮ ಮನೆಗೆ ಹಾಗೇ ಅನ್ವಯಿಸಬೇಡಿ. ಆದರೆ ರಾತ್ರಿಯಿಡೀ ಬಾಗಿಲು ಹಾಕಿಕೊಂಡು ಮಲಗುವ ಕೋಣೆಯಲ್ಲಿ ಇವನ್ನು ಯಾಕೆ ಇಡಬಾರದು ಎನ್ನುವುದು ಈಗ ಗೊತ್ತಾಯಿತಲ್ವಾ?

ಇಷ್ಟು ದಿನ ಮಲಗಿದ್ದಕ್ಕೆ ಏನಾಗಿದೆ ಎಂದು ಪತ್ರ ಓದಿ ಹೇಳಲು ಯಾರಿಗೂ ಆಗದು. ರೇಡಾನ್‌ನ ಕೆಡುಕು ವರ್ಷ ಕಳೆದಂತೆ ಕೂಡುತ್ತಾ ಹೋಗುವಂಥದ್ದು. ಇವತ್ತು ನಿಲ್ಲಿಸಿದರೆ ಇವತ್ತಿನಿಂದಲೇ ಲಾಭ. ಮನಸ್ಸಿಗೆ ಸಮಾಧಾನ ಬೇಕೆಂದರೆ ಮನೆಯ ರೇಡಾನ್ ಅಳೆಯುವ ಚಿಕ್ಕ ಉಪಕರಣ ಸಿಗುತ್ತದೆ. ಕಪಾಟು ಇದ್ದ ಕೋಣೆಯಲ್ಲೂ, ಈಗ ಇಡುವ ಕೋಣೆಯಲ್ಲೂ ಕೆಲವು ವಾರ ಇಟ್ಟು ನೋಡಿ. ಒಂದೆರಡು ದಿನದ ಅಳತೆಯನ್ನು ನಂಬಬೇಡಿ, ಅದು ಹವಾಮಾನಕ್ಕೆ ತಕ್ಕಂತೆ ಏರಿಳಿಯುತ್ತದೆ. ಮಣ್ಣಿನಿಂದಲೂ ರೇಡಾನ್ ಬರುತ್ತದೆ, ಆದ್ದರಿಂದ ಅಳತೆಯಲ್ಲಿ ಸೊನ್ನೆ ಕಾಣಲಿಲ್ಲ ಎಂದು ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಹೇಳುವ ಮಟ್ಟ ಒಂದು ಘನ ಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣ ಅಳೆಯುವ ಮಾನ).

ಹದಿನಾಲ್ಕರಲ್ಲೂ ರೇಡಿಯಂ ಇರಲೇಬೇಕೆಂದಿಲ್ಲ. ಕಂಡುಹಿಡಿಯುವುದು ಹೇಗೆ? ಡಯಲ್ ಮೇಲಿನ ಗುರುತು ಮೊದಲು ನೋಡಿ. ವೃತ್ತದೊಳಗೆ 'ಟಿ' ಅಕ್ಷರ ಇದ್ದರೆ ಅದು ಟ್ರಿಟಿಯಂ, ಅಂದರೆ ರೇಡಿಯಂ ಬದಲಿಗೆ ಬಳಸಿದ, ಅದಕ್ಕಿಂತ ಸೌಮ್ಯವಾದ ವಿಕಿರಣ ವಸ್ತು. ಬ್ರಿಟಿಷ್ ಸೈನ್ಯದ ವಾಚುಗಳಲ್ಲಿ ಇದು ಸಾಮಾನ್ಯ. ಜರ್ಮನ್ ಸೈನ್ಯದವಕ್ಕೆ ಕೆಂಪು ವೃತ್ತದಲ್ಲಿ '3ಎಚ್' ಇರುತ್ತದೆ, ಅದೂ ಟ್ರಿಟಿಯಂನದೇ ಗುರುತು. ಟ್ರಿಟಿಯಂ 12.3 ವರ್ಷಕ್ಕೆ ಅರ್ಧವಾಗುತ್ತದೆ. 1975ರ ಹೊತ್ತಿನ ಡಯಲ್‌ನಲ್ಲಿ ಈಗ ಉಳಿದಿರುವುದು ಹದಿನಾರರಲ್ಲಿ ಒಂದು ಪಾಲು. ಅದರ ಬೀಟಾ ಎಷ್ಟು ದುರ್ಬಲ ಎಂದರೆ ಗಾಜು ದಾಟುವುದಿಲ್ಲ, ರೇಡಾನ್ ಕೂಡ ಹುಟ್ಟುವುದಿಲ್ಲ. ಯಾವ ಗುರುತೂ ಇಲ್ಲದ, 1960ಕ್ಕೂ ಹಿಂದಿನ, ದಪ್ಪ ಕಂದು ಅಂಕಿಗಳ ಡಯಲ್ ಇದ್ದರೆ ರೇಡಿಯಂ ಎಂದೇ ಹಿಡಿಯಿರಿ. ಡಯಲ್ ಮೇಲೆ ಮುಳ್ಳಿನ ಆಕಾರದ ಸುಟ್ಟ ಕಲೆ ಕಾಣುತ್ತಿದ್ದರೆ ಅನುಮಾನವೇ ಬೇಡ. ಬಹಳ ಕಾಲ ನಿಂತೇ ಇದ್ದ ಗಡಿಯಾರದಲ್ಲಿ, ಮುಳ್ಳಿನ ರೇಡಿಯಂ ತನ್ನ ಕೆಳಗಿನ ಡಯಲನ್ನು ಹಾಗೆ ಸುಡುತ್ತದೆ. ನಿಮ್ಮ ಎಸಿಎಚ್‌ಎಸ್-1ರ ಬಗ್ಗೆ ಹೆಸರು ನೋಡಿ ತೀರ್ಮಾನ ಬೇಡ. ಅದು ದಶಕಗಟ್ಟಲೆ ತಯಾರಾದ ಮಾದರಿ, ಬಣ್ಣ ನಡುವೆ ಬದಲಾಗಿದೆ.

ಇಷ್ಟಾದ ಮೇಲೆ ವಿಕಿರಣ ಪತ್ತೆ ಹಚ್ಚುವ ಗೈಗರ್ ಕೌಂಟರ್ ಒಂದು ಎರವಲು ಸಿಕ್ಕರೆ ಎಲ್ಲ ಸ್ಪಷ್ಟವಾಗುತ್ತದೆ. ರೇಡಿಯಂ ಇದ್ದರೆ ಗಾಜಿನ ಮೇಲಿಂದಲೇ ಅದು ಟಕಟಕ ಎನ್ನುತ್ತದೆ. ಟ್ರಿಟಿಯಂಗೆ ಅದು ಸುಮ್ಮನಿರುತ್ತದೆ. ಬ್ಲ್ಯಾಕ್ ಲೈಟ್ (ನೇರಳಾತೀತ ಬೆಳಕಿನ) ಟಾರ್ಚ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಕತ್ತಲಲ್ಲಿ ಡಯಲ್ ಮೇಲೆ ಬೆಳಕು ಬಿಟ್ಟು ಆರಿಸಿ. ಅಂಕಿಗಳು ಆಮೇಲೂ ನಿಮಿಷಗಟ್ಟಲೆ ಚೆನ್ನಾಗಿ ಹೊಳೆಯುತ್ತಿದ್ದರೆ, ಯಾರೋ ಈಗಾಗಲೇ ಹೊಸ ಬಣ್ಣ ತುಂಬಿದ್ದಾರೆ ಎಂದರ್ಥ. ಬೆಳಕು ಹೀರಿ ಹೊಳೆಯುವ ಆ ಬಗೆಯ ಬಣ್ಣ ಬಂದದ್ದು 1990ರ ದಶಕದಲ್ಲಿ. ಅದರ ಅಡಿಯಲ್ಲಿ ಹಳೆಯ ರೇಡಿಯಂ ಉಳಿದಿಲ್ಲ ಎನ್ನುವುದಕ್ಕೆ ಮಾತ್ರ ಟಾರ್ಚ್ ಸಾಕ್ಷಿ ಹೇಳುವುದಿಲ್ಲ, ಅದಕ್ಕೆ ಗೈಗರೇ ಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ಇದ್ದ ಹಾಗೇ ಇಟ್ಟುಕೊಳ್ಳುವುದು ಒಂದು, ನನಗೆ ಒಪ್ಪಿಗೆಯಾಗುವುದೂ ಇದೇ. ಯಾರೂ ಮಲಗದ, ಗಂಟೆಗಟ್ಟಲೆ ಕೂರದ, ಗಾಳಿ ಚೆನ್ನಾಗಿ ಆಡುವ ಕೋಣೆಗೆ ಕಪಾಟು ಹೋಗಲಿ. ಕಪಾಟಿಗೂ ಗಾಳಿ ಹೋಗುವ ಸಂದಿ ಇರಲಿ. ಬಿಗಿಯಾಗಿ ಮುಚ್ಚಿದ ಕಪಾಟನ್ನು ತೆರೆದಾಗ ಒಳಗೆ ಕೂಡಿಕೊಂಡ ರೇಡಾನ್ ಒಟ್ಟಿಗೇ ಮುಖಕ್ಕೆ ಬರುತ್ತದೆ. ತೆರೆಯುವ ಮುಂಚೆ ಕಿಟಕಿ ತೆಗೆಯಿರಿ. ರೇಡಿಯಂ ಇರುವುದಕ್ಕೆಲ್ಲ ಒಂದೊಂದು ಚೀಟಿ ಕಟ್ಟಿ, ನಾಳೆ ಮನೆಯವರಲ್ಲಿ ಯಾರಾದರೂ ಗೊತ್ತಿಲ್ಲದೆ ಬಿಚ್ಚಬಾರದು. ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಕ್ಕಳ ಆಟಕ್ಕೆ ಸ್ಟಾಪ್‌ವಾಚ್ ಕೊಡಬೇಡಿ, ಜೇಬಿನಲ್ಲಿ ಇಟ್ಟುಕೊಂಡು ಓಡಾಡಬೇಡಿ. ಗಾಜಿನ ಒಳಗೆ ಕಂದು ಪುಡಿ ಉದುರಿದ್ದು ಕಂಡರೆ ಅದಕ್ಕೆ ಕೀ ಕೊಡುವುದು ನಿಲ್ಲಿಸಿ, ಅಲುಗಾಡಿಸದೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೇರೆ ಇಡಿ. ಚೀಲ ಪುಡಿಯನ್ನು ತಡೆಯುತ್ತದೆ, ರೇಡಾನ್ ಅನ್ನು ಪೂರ್ತಿ ತಡೆಯುವುದಿಲ್ಲ. ಗಾಜು ಒಡೆದು ಪುಡಿ ಮೇಜಿಗೆ ಬಿದ್ದರೆ ಪೊರಕೆ ಬೇಡ, ವ್ಯಾಕ್ಯೂಮ್ ಬೇಡ, ಊದುವುದಂತೂ ಬೇಡವೇ ಬೇಡ. ಕೈಗವಸು ಹಾಕಿ ಒದ್ದೆ ಕಾಗದದಲ್ಲಿ ಒರೆಸಿ, ಆ ಕಾಗದವನ್ನೂ ಅದೇ ಚೀಲಕ್ಕೆ ಹಾಕಿ.

ಇನ್ನೊಂದು ದಾರಿ, ಪರವಾನಗಿ ಇರುವ ಪರಿಣತರಿಂದ ರೇಡಿಯಂ ತೆಗೆಸುವುದು. ಇಂಥವರು ತೀರಾ ಕಡಿಮೆ. ಕೆಲಸ ಸರಿಯಾಗಿ ಆದರೆ ಗಡಿಯಾರ ನಿಜಕ್ಕೂ ಸುರಕ್ಷಿತವಾಗುತ್ತದೆ, ದಿನವೂ ಬಳಸಬಹುದು. ಆದರೆ ಡಯಲ್ ಮತ್ತೆ ಹಳೆಯದಾಗದು, ಸಂಗ್ರಹಕಾರರ ಕಣ್ಣಲ್ಲಿ ಬೆಲೆ ಬೀಳುತ್ತದೆ. ಓಡುವ ಹಳೆಯ ವಾಹನದಲ್ಲೇ ಗಡಿಯಾರ ಕೂರಿಸಬೇಕು ಎನ್ನುವವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ. ಮಾರುವುದಾದರೆ ರೇಡಿಯಂ ಇದೆ ಎಂದು ಬಾಯಿಬಿಟ್ಟು ಹೇಳಿ ಮಾರಿ, ಅಂಚೆ ಮತ್ತು ವಿಮಾನದ ಸಾಗಣೆ ನಿಯಮ ಮೊದಲೇ ಕೇಳಿ ತಿಳಿದುಕೊಳ್ಳಿ. ಎಸೆಯುವುದಾದರೆ ಕಸದ ಬುಟ್ಟಿಗೂ ಗುಜರಿಗೂ ಹಾಕುವಂತಿಲ್ಲ. ಅಲ್ಲಿ ಯಾರೋ ಸುತ್ತಿಗೆಯಲ್ಲಿ ಒಡೆಯುತ್ತಾರೆ ಅಥವಾ ಸುಡುತ್ತಾರೆ, ನಿಮ್ಮ ತೊಂದರೆ ಅವರ ಶ್ವಾಸಕೋಶಕ್ಕೆ ಹೋಗುತ್ತದೆ. ದೇಶದ ಪರಮಾಣು ನಿಯಂತ್ರಣ ಸಂಸ್ಥೆಯನ್ನು ಕೇಳಿ. ಎಷ್ಟು ಇಟ್ಟುಕೊಳ್ಳಬಹುದು ಎನ್ನುವ ನಿಯಮವೂ ದೇಶದಿಂದ ದೇಶಕ್ಕೆ ಬೇರೆ, ಅದನ್ನೂ ಅವರಿಂದಲೇ ತಿಳಿದುಕೊಳ್ಳಿ.

ಇನ್ನು ನಂಬರ್ ಹೊಂದದ ಬ್ರಿಟಿಷ್ ಗಡಿಯಾರ. ಒಳಗಿನದು ಹೊರಗಿನದು ಹೊಂದಲಿಲ್ಲ ಎಂದ ಮಾತ್ರಕ್ಕೆ ನಕಲಿ ಅಲ್ಲ. ಸೈನ್ಯಕ್ಕೆ ಗಡಿಯಾರ ಒಂದು ಒಡವೆಯಲ್ಲ, ಬಿಡಿಭಾಗ. ವರ್ಕ್‌ಶಾಪಿಗೆ ಒಂದು ರಾಶಿ ಬರುತ್ತಿತ್ತು. ಬಿಚ್ಚಿ, ತೊಳೆದು, ಕೈಗೆ ಸಿಕ್ಕ ಒಳ್ಳೆಯ ಮಷಿನ್ನನ್ನು ಕೈಗೆ ಸಿಕ್ಕ ಒಳ್ಳೆಯ ಕೇಸಿಗೆ ಹಾಕಿ ಕಳಿಸುತ್ತಿದ್ದರು. ಡಯಲ್, ಮುಳ್ಳು ಎಲ್ಲ ಅದಲುಬದಲಾಗುತ್ತಿದ್ದವು. ಎಲ್ಲವೂ ಅಚ್ಚುಕಟ್ಟಾಗಿ ಹೊಂದುವ, ಗೀರೇ ಇಲ್ಲದ ಗಡಿಯಾರ ಎದುರಿಗೆ ಬಂದರೆ ನಾನು ಇನ್ನೂ ಹೆಚ್ಚು ಹೊತ್ತು ನೋಡುತ್ತೇನೆ.

ನೋಡಬೇಕಾದದ್ದು ಕಾಲದ ಲೆಕ್ಕ. 'ಎ.ಎಂ.' ಎಂದರೆ ಬ್ರಿಟನ್ನಿನ ಏರ್ ಮಿನಿಸ್ಟ್ರಿ. ಅದು ಇದ್ದದ್ದು 1918ರಿಂದ 1964ರ ತನಕ, ಆಮೇಲೆ ರಕ್ಷಣಾ ಸಚಿವಾಲಯದಲ್ಲಿ ಸೇರಿಹೋಯಿತು. 1970ರ ತಾರೀಕಿನ ಜೊತೆ 'ಎ.ಎಂ.' ಕೆತ್ತಿದ್ದರೆ ಯೋಚಿಸಿ. 6645ರಿಂದ ಶುರುವಾಗುವ ಉದ್ದ ನಂಬರು ನೇಟೋ ದಾಸ್ತಾನಿನದು. 6645 ಎಂದರೆ ಸಮಯ ಅಳೆಯುವ ಸಲಕರಣೆ, ಅದರ ಮುಂದಿನ ಎರಡು ಅಂಕಿ ದೇಶ: 99 ಬ್ರಿಟನ್, 12 ಜರ್ಮನಿ, 14 ಫ್ರಾನ್ಸ್. ನೇಟೋ ಹುಟ್ಟಿದ್ದೇ 1949ರಲ್ಲಿ. ಹಾಗಾಗಿ 1943ರ ಗಡಿಯಾರದ ಮೇಲೆ ಈ ನಂಬರ್ ಇದ್ದರೆ, ಅದು ಯುದ್ಧ ಮುಗಿದ ಮೇಲೂ ಸೇವೆಯಲ್ಲಿತ್ತು, ನಂಬರ್ ಆಮೇಲೆ ಕೆತ್ತಿದ್ದು. ಇಲ್ಲವೇ ಯಾರೋ ಕಥೆ ಕಟ್ಟಿದ್ದಾರೆ. ಎರಡರಲ್ಲಿ ಯಾವುದು ಎಂದು ಕೆತ್ತನೆಯೇ ಹೇಳುತ್ತದೆ. ಭೂತಗನ್ನಡಿಯಲ್ಲಿ ನೋಡಿ. ಕೇಸು ಸವೆದು ಮೂಲೆಗಳು ದುಂಡಾಗಿರುವಾಗ ಅಕ್ಷರಗಳ ಅಂಚು ಮಾತ್ರ ಚೂಪಾಗಿ ಇರಬಾರದು. ಹಳೆಯ ಗೀರು ಅಕ್ಷರದ ಮೇಲೆ ಹಾದುಹೋಗಿರಬೇಕು. ಗೀರನ್ನು ಅಕ್ಷರ ಕಡಿದಿದ್ದರೆ ಅಕ್ಷರ ಹೊಸದು.

ಬಾಣದ ಗುರುತು ಬ್ರಿಟಿಷ್ ಸರ್ಕಾರದ ಆಸ್ತಿಯದ್ದು. 1875ರ ಕಾನೂನೊಂದರ ಪ್ರಕಾರ ಅಧಿಕಾರವಿಲ್ಲದೆ ಅದನ್ನು ಹಾಕುವುದೇ ಅಲ್ಲಿ ಅಪರಾಧ. ಬಾಣ ಇರುವುದೆಲ್ಲ ಕದ್ದ ಮಾಲು ಎಂದು ಹೇಳುವವರಿದ್ದಾರೆ, ಅದು ಸುಳ್ಳು. ಯುದ್ಧದ ನಂತರ ಲೋಡುಗಟ್ಟಲೆ ಹರಾಜಿಗೆ ಬಂದವು. ಕೆಲವದರ ಮೇಲೆ ಎರಡು ಬಾಣಗಳು ತುದಿಗೆ ತುದಿ ತಾಗಿ ನಿಂತ ಗುರುತು ಕಾಣುತ್ತದೆ, ಸರ್ಕಾರ ತಾನೇ ಮಾರಿದ್ದು ಎಂದು ಅದರ ಅರ್ಥ. ಬಾಣದ ಕೇಸಿನೊಳಗೆ ಸ್ವಿಸ್ ಮಷಿನ್ ಕಂಡರೆ ಬೆಚ್ಚಬೇಡಿ. ಬ್ರಿಟಿಷ್ ಸೈನ್ಯದ ಸ್ಟಾಪ್‌ವಾಚುಗಳಲ್ಲಿ ಬಹಳಷ್ಟು ಸ್ವಿಸ್ ಮಾಲೇ. ನಿಜಕ್ಕೂ ಹುಷಾರಾಗಿರಬೇಕಾದದ್ದು ಜರ್ಮನ್ ಹದ್ದು, ಸ್ವಸ್ತಿಕ ಬರೆದ ಡಯಲ್‌ಗಳ ಬಗ್ಗೆ. ಸೋವಿಯತ್ ಮೊಲ್ನಿಯಾ ಜೇಬಿನ ವಾಚಿನ ಮಷಿನ್ನಿಗೆ ಅಂಥ ಡಯಲ್ ಕೂರಿಸಿ, ಯುದ್ಧಕಾಲದ್ದು ಎಂದು ಮಾರುವುದು ಹಳೆಯ ದಂಧೆ. ಚೆಲ್ಯಾಬಿನ್ಸ್ಕ್‌ನ ಆ ಕಾರ್ಖಾನೆ ಶುರುವಾದದ್ದೇ 1947ರಲ್ಲಿ.

ನಿಮ್ಮ ಎಸಿಎಚ್‌ಎಸ್-1 ಕೂಡ ಅದೇ ಕಾರ್ಖಾನೆಯದು, ಆದರೆ ಅದು ಅಸಲಿ ಕಾಕ್‌ಪಿಟ್ ಗಡಿಯಾರ. ಮೇಲಿನ ಚಿಕ್ಕ ಡಯಲ್ ಹಾರಾಟದ ಸಮಯಕ್ಕೆ, ಕೆಳಗಿನದು ಸ್ಟಾಪ್‌ವಾಚ್. ಹಿಂದೆ ವೈರ್ ಯಾಕಿದೆ ಎಂದು ತಲೆ ಕೆಡಿಸಿಕೊಂಡಿರಬಹುದು. ಗಡಿಯಾರ ಕೀಯಿಂದಲೇ ನಡೆಯುತ್ತದೆ. ವೈರ್ ಇರುವುದು ಒಳಗಿನ ಹೀಟರಿಗೆ, ಎತ್ತರದ ಚಳಿಯಲ್ಲಿ ಎಣ್ಣೆ ಗಟ್ಟಿಯಾಗದ ಹಾಗೆ. ಮನೆಯಲ್ಲಿ ಅದಕ್ಕೆ ಕರೆಂಟ್ ಕೊಡಬೇಡಿ.

ವಾಲ್ಥಮ್ ವಿಷಯಕ್ಕೆ ಬರೋಣ. ಕೀ ಜಾಸ್ತಿಯಾಗಿ ಸ್ಪ್ರಿಂಗ್ ಬಿಗಿದುಕೊಂಡಿತು ಎನ್ನುವುದು ರಿಪೇರಿ ಲೋಕದ ಬಹಳ ಹಳೆಯ ಸುಳ್ಳು. ಸ್ಪ್ರಿಂಗ್‌ಗೆ ಪೂರ್ತಿ ಕೀ ಕೊಟ್ಟರೆ ಅದು ಪೂರ್ತಿ ಸುತ್ತಿಕೊಳ್ಳುತ್ತದೆ, ಅಷ್ಟೇ. ಆಮೇಲೂ ಬಲವಂತ ಮಾಡಿದರೆ ಏನಾದರೂ ಮುರಿಯಬಹುದು. ಆದರೆ ಮುರಿದ ಗಡಿಯಾರ ನಾಲ್ಕು ದಿನ ನಡೆಯುವುದಿಲ್ಲ. ನಿಮ್ಮದು ನಡೆಯುತ್ತಿದೆಯಲ್ಲ. ಎಂಟು ದಿನದ ಸ್ಪ್ರಿಂಗ್‌ನ ಬಲ ಮೊದಲ ದಿನ ಹೆಚ್ಚು, ದಿನ ಕಳೆದಂತೆ ಕಡಿಮೆ. ಒಳಗಿನ ಎಣ್ಣೆ ಒಣಗಿ ಅಂಟಾಗಿದ್ದರೆ ಮೊದಲ ಮೂರು ನಾಲ್ಕು ದಿನ ಸ್ಪ್ರಿಂಗ್ ಹೇಗೋ ತಳ್ಳುತ್ತದೆ, ಬಲ ಇಳಿದ ಮೇಲೆ ಸೋಲುತ್ತದೆ. ಹಳೆಯ ಉಕ್ಕಿನ ಸ್ಪ್ರಿಂಗ್ ಸೋತಿರುವುದೂ ಉಂಟು. ಎರಡರಲ್ಲಿ ಯಾವುದೇ ಆದರೂ ಪೂರ್ತಿ ಬಿಚ್ಚಿ ಸರ್ವಿಸ್ ಮಾಡುವುದೇ ದಾರಿ. ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ ಬಿಟ್ಟರೆ ಒಂದು ತಿಂಗಳು ಚೆನ್ನಾಗಿ ನಡೆಯುತ್ತದೆ, ಆಮೇಲೆ ಆ ಅಂಟಿನಲ್ಲಿ ಧೂಳು ಸೇರಿ ಚಕ್ರದ ತುದಿಗಳನ್ನು ತಿನ್ನುತ್ತದೆ. ಸರ್ವಿಸ್ ಆಗುವ ತನಕ ಅದನ್ನು ಓಡಿಸಬೇಡಿ. ನೀವೇ ಸ್ಪ್ರಿಂಗ್ ಡಬ್ಬಿ ಬಿಚ್ಚುವ ಸಾಹಸ ಖಂಡಿತ ಬೇಡ. ಎಂಟು ದಿನದ ಸ್ಪ್ರಿಂಗ್ ಹಾರಿದರೆ ಬೆರಳು ಕೊಯ್ಯುತ್ತದೆ. ಸರ್ವಿಸ್ ಆದ ಮೇಲೆ ವಾರಕ್ಕೊಂದು ದಿನ ಗೊತ್ತುಮಾಡಿ ಅದೇ ದಿನ ಕೀ ಕೊಡಿ. ಎಂಟನೇ ದಿನ ಇರುವುದು ಮರೆತವರಿಗೆ.

ಕೊನೆಗೆ ಸ್ಟಾಪ್‌ವಾಚ್. ಮುಳ್ಳು ಸೊನ್ನೆಗೆ ಹಾರಿ ಬರುವುದು ಹೃದಯದ ಆಕಾರದ ಒಂದು ಚಿಕ್ಕ ತುಂಡಿನಿಂದ. ಬಟನ್ ಒತ್ತಿದಾಗ ಸುತ್ತಿಗೆಯಂಥ ಲಿವರ್ ಅದರ ಮೇಲೆ ಬೀಳುತ್ತದೆ. ಹೃದಯ ಎಲ್ಲೇ ತಿರುಗಿದ್ದರೂ ಜಾರಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅಡಾಲ್ಫ್ ನಿಕೋಲ್ 1844ರಲ್ಲಿ ಇದಕ್ಕೆ ಪೇಟೆಂಟ್ ಪಡೆದ, ಇಂದಿಗೂ ಇದಕ್ಕಿಂತ ಒಳ್ಳೆಯ ಉಪಾಯ ಬಂದಿಲ್ಲ. ನೀವು ಹತ್ತು ಸಲ ಸೊನ್ನೆ ಮಾಡಿ ನೋಡಿ. ಪ್ರತಿ ಸಲವೂ ಅಷ್ಟೇ ದೂರದಲ್ಲಿ ನಿಂತರೆ ತೊಂದರೆ ಚಿಕ್ಕದು, ಯಾವಾಗಲೋ ಮುಳ್ಳನ್ನು ಓರೆಯಾಗಿ ಕೂರಿಸಿದ್ದಾರೆ ಅಥವಾ ಪೆಟ್ಟು ಬಿದ್ದು ಅದು ಸರಿದಿದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮುಳ್ಳು ತನ್ನ ಕೊಳವೆಯಲ್ಲಿ ಸಡಿಲವಾಗಿದೆ, ಇಲ್ಲವೇ ಲಿವರ್ ಪೂರ್ತಿ ಬೀಳುತ್ತಿಲ್ಲ. ಕೊಳೆಯಿಂದಲೂ ಹೀಗಾಗುತ್ತದೆ, ಸವೆತದಿಂದಲೂ ಆಗುತ್ತದೆ.

ಎರಡು ಸೊನ್ನೆಯ ನಡುವೆ ಎಷ್ಟು ಸರಿಯಾಗಿ ಎಣಿಸುತ್ತದೆ ಎನ್ನುವುದೂ ಮುಖ್ಯ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲಾಗಿ ಇಟ್ಟು, ಫೋನಿನ ಗಡಿಯಾರದ ಜೊತೆ ಹತ್ತು ನಿಮಿಷ ಓಡಿಸಿ ನೋಡಿ. ಡಯಲ್‌ನ ಗೆರೆ ನೋಡಿಯೇ ಮಷಿನ್ನಿನ ಗತಿ ಹೇಳಬಹುದು. ಸೆಕೆಂಡಿಗೆ ಐದು ಗೆರೆ ಇದ್ದರೆ ಅದು ಗಂಟೆಗೆ 18,000 ಬಡಿತದ್ದು, ಹತ್ತು ಇದ್ದರೆ 36,000. ಅದಕ್ಕಿಂತ ಸಣ್ಣದನ್ನು ಅದರಿಂದ ಓದಲಾಗದು, ಮುಳ್ಳು ಬಡಿತಕ್ಕೊಮ್ಮೆ ಜಿಗಿಯುತ್ತದೆ. ಮುಂದೆ ಯಾವತ್ತಾದರೂ ಅಮೆರಿಕದ ಎ-8 ಎನ್ನುವ ಎಲ್ಜಿನ್ ಸ್ಟಾಪ್‌ವಾಚ್ ಕೈಗೆ ಬಂದರೆ, ಮುಳ್ಳು ಓಡುವ ರಭಸ ನೋಡಿ ಕೆಟ್ಟಿದೆ ಎಂದುಕೊಂಡು ಬಿಡಬೇಡಿ. ಅದು ಹತ್ತೇ ಸೆಕೆಂಡಿಗೆ ಒಂದು ಸುತ್ತು ಹಾಕುವಂತೆ ಮಾಡಿದ್ದು. ನೌಕಾಪಡೆಯ ಕೆಲವದರಲ್ಲಿ ಸೆಕೆಂಡಿನ ಜಾಗದಲ್ಲಿ ಗಜದ ಅಂಕಿ ಇರುತ್ತವೆ, ನೀರಿನಲ್ಲಿ ಶಬ್ದ ಹೋಗಿ ಬರುವ ಹೊತ್ತಿನಿಂದ ದೂರ ತಿಳಿಯಲು. ಇಂಥ ಡಯಲ್‌ನಲ್ಲೇ ಆ ವಸ್ತುವಿನ ಪೂರ್ತಿ ಬೆಲೆ ಇದೆ. ಹಾಳಾಗಿ ಕಂಡರೂ ಬದಲಿಸಬೇಡಿ. ಬಳಸದೆ ಇಡುವಾಗ ಸ್ಟಾಪ್‌ವಾಚನ್ನು ಓಡಿಸಿ, ಕೀ ಪೂರ್ತಿ ಇಳಿದು ತಾನಾಗಿ ನಿಂತ ಮೇಲೆ ಇಡಿ.

ರಿಪೇರಿಗೆ ಕೊಡುವಾಗ ಒಂದು ಮಾತು ತಪ್ಪದೆ ಹೇಳಿ. ಕೈಗೆ ಕೊಡುವ ಮುಂಚೆಯೇ ಹೇಳಿ: ಡಯಲ್‌ನಲ್ಲಿ ರೇಡಿಯಂ ಇದೆ. ಗೊತ್ತಿಲ್ಲದವರು ಗಾಜು ತೆಗೆದ ಕೂಡಲೇ ಧೂಳು ಹೋಗಲಿ ಎಂದು ಬಾಯಿಂದ ಊದುತ್ತಾರೆ. ಮಷಿನ್ ತೊಳೆಯುವ ಸೀಮೆಎಣ್ಣೆಯಲ್ಲಿ ಡಯಲ್ ಪುಡಿಯನ್ನೂ ಅದ್ದುತ್ತಾರೆ. ಆ ಡಬ್ಬಿಯಲ್ಲಿ ಆಮೇಲೆ ಬೇರೆಯವರ ವಾಚುಗಳನ್ನೂ ತೊಳೆಯುತ್ತಾರೆ. ಡಯಲ್ ಮತ್ತು ಮುಳ್ಳುಗಳನ್ನು ಬೇರೆ ಚೀಲದಲ್ಲಿ ಹಾಕಿ ಇಟ್ಟು, ಕೈಗವಸು ಮತ್ತು ಮಾಸ್ಕ್ ಹಾಕಿ, ಮಷಿನ್ನನ್ನು ಮಾತ್ರ ಸರ್ವಿಸ್ ಮಾಡುವವರು ಸಿಕ್ಕರೆ ವಾಲ್ಥಮ್ ಕೊಡಿ. ಸಿಗದಿದ್ದರೆ ಅದು ನಿಂತೇ ಇರಲಿ.